ಒಂದನೆಯ ಕಲ್ಲಿನ ಕಿತ್ತಳೆ

ಹಿನೊಹಾಮಾ, ಕೋಚಿ ಸೀಮೆ
೨೮ ಸೆಪ್ಟೆಂಬರ್ ೧೯೯೫

ಅಕಾಗಿ ಮಿಸಾವೊ ಅವರಿಗೆ,

ಗದ್ದೆಯ ಬದುಗಳ ಮೇಲೆ ಕೆಂಪು ಹೂವು ಬಂದು ಹೋಗುವ ಕಾಲ. ಕಡಲ ಗಾಳಿಗೆ ತಂಪು ಹತ್ತಿದೆ. ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನಾನು ತೊಯೊಮಿ. ಯಾತ್ರಿಕರ ತಂಗುಮನೆಯ ತೊಯೊಮಿ. ಮೂವತ್ತೈದು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೇಳಲಿಕ್ಕೇ ಇರಬೇಕು ಎಂದುಕೊಳ್ಳುತ್ತೀರಿ. ನಿಜ, ಕೇಳಲಿಕ್ಕೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನಗೆ ಮೊದಲಿನಿಂದಲೂ ಬಾರದು.

ಮೊನ್ನೆ ಹಿರಿಯರ ಸಮಾಧಿ ತೊಳೆಯುವ ದಿನ ನಿಮ್ಮ ತಮ್ಮ ಸಿಕ್ಕಿದ. ನೀವು ಒಕಾಯಾಮಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಮೇಡಂ ಎಂದ. ನಡುವೆ ಮೂರು ಸಲ ಊರಿಗೆ ಬಂದು ಹೋದಿರಿ ಎಂದೂ ಹೇಳಿದ. ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಇರಲಿ.

ವಿಷಯ ಇದು. ನಾವಿಬ್ಬರೂ ಪ್ರವೇಶ ಪರೀಕ್ಷೆ ಪಾಸಾಗಿ, ನೀವು ಹೋಗಿ ನಾನು ಹೋಗದೆ ಉಳಿದ ಆ ಹೈಸ್ಕೂಲನ್ನು ನಾನು ಈಗ ಅಂಚೆಯಲ್ಲಿ ಓದುತ್ತಿದ್ದೇನೆ. ಮನೆಯಲ್ಲೇ ಪಾಠ ಬರೆದು ಕಳಿಸುವುದು, ತಿಂಗಳಿಗೆರಡು ಭಾನುವಾರ ಕೋಚಿ ಪೇಟೆಗೆ ಹೋಗಿ ತರಗತಿಯಲ್ಲಿ ಕೂರುವುದು. ಇದು ನಾಲ್ಕನೆಯ ವರ್ಷ. ಎಲ್ಲ ವಿಷಯವೂ ದಾಟಿದೆ. ಇಂಗ್ಲಿಷಿನಲ್ಲಿ ಒಂದೇ ಒಂದು ಪಾಠ ಗಂಟಲಿನ ಮುಳ್ಳಾಗಿ ನಿಂತಿದೆ: ಹೀಗಾದರೆ ಹಾಗೆ, ಹೀಗಾಗಿದ್ದರೆ ಹಾಗಾಗುತ್ತಿತ್ತು ಎಂಬ ಷರತ್ತಿನ ವಾಕ್ಯಗಳು. ಹತ್ತು ವಾಕ್ಯ ಸ್ವಂತವಾಗಿ ಬರೆಯಬೇಕು. ನಾನು ಬರೆದದ್ದು ‘ಮತ್ತೆ ಬರೆಯಿರಿ’ ಎಂಬ ಮುದ್ರೆ ಹೊತ್ತು ವಾಪಸು ಬಂತು.

ಮೇಷ್ಟ್ರು ಕುಸುನೋಸೆ ಎಂಬವರು. ನನ್ನ ಮಗನ ವಯಸ್ಸು. ತರಗತಿಯಲ್ಲೇ ಕೇಳಿದರು.

“ಹಮಾಗುಚಿ ಅವರೇ, ‘ಬೆಳಗಾದರೆ ಅಕ್ಕಿ ತೊಳೆಯುತ್ತೇನೆ, ಯಾತ್ರಿಕರು ಬಂದರೆ ಚಹಾ ಕೊಡುತ್ತೇನೆ’, ಇವೆಲ್ಲ ನಡೆಯೋ ವಿಷಯ. ನಡೀದೇ ಇರೋದನ್ನ ಬರೀರಿ. ‘ನಾನು ಹಕ್ಕಿಯಾಗಿದ್ದರೆ’ ಅಂತ.”

“ನಾನು ಹಕ್ಕಿ ಅಲ್ವಲ್ಲ ಮೇಷ್ಟ್ರೇ.”

“ಅದಕ್ಕೇ ಬರೀರಿ ಅಂತಿರೋದು!”

ತರಗತಿಯೆಲ್ಲ ನಕ್ಕಿತು. ಮಿಸಾವೊ ಅವರೇ, ನಾನು ದಿನಾ ಬೆಳಗ್ಗೆ ದಾಯ್ಶಿ ಗುರುಗಳ ಮುಂದೆ ‘ಕೊಲ್ಲೆನು, ಕದಿಯೆನು, ಸುಳ್ಳಾಡೆನು’ ಎಂದು ಹತ್ತು ವ್ರತ ಹೇಳುವವಳು. ಹೇಳಿ ಎದ್ದು ಬಂದು ಹಕ್ಕಿ ಎಂದು ಬರೆಯುವುದು ಹೇಗೆ?

ಜನವರಿ ಇಪ್ಪತ್ತು ಕೊನೆಯ ದಿನ. ಏಪ್ರಿಲ್‌ಗೆ ಹಾಸಿಗೆ ಹಿಡಿದ ಅತ್ತೆಯವರನ್ನು ನಮ್ಮಲ್ಲಿಗೆ ಕರೆತರುತ್ತೇವೆ. ಆಮೇಲೆ ಪುಸ್ತಕ ತೆರೆಯಲು ಆಗದು. ಈ ವರ್ಷ ತಪ್ಪಿದರೆ ತಪ್ಪಿದಂತೆಯೇ. ಅಂದು ಪ್ರವೇಶ ಪರೀಕ್ಷೆಗೆ ನನ್ನ ಕೈ ಹಿಡಿದು ನಡೆಸಿಕೊಂಡು ಹೋದದ್ದು ನಮ್ಮಜ್ಜಿ. ಅವಳ ಪಟದ ಮುಂದೆ ಪಾಸಾದ ಕಾಗದ ಇಡಬೇಕು, ಅಷ್ಟೇ ಆಸೆ.

ನಿಮಗೆ ಬಿಡುವಿದ್ದರೆ ದಾರಿ ತೋರಿಸಿ. ಬೇಡವಾದರೆ ಉತ್ತರ ಬೇಡ. ಜೊತೆಗೆ ಗೆಣಸಿನ ಸಕ್ಕರೆಕಡ್ಡಿ ಕಳಿಸಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ತಲೆಬಾಗಿ,
ಹಮಾಗುಚಿ ತೊಯೊಮಿ


ಒಕಾಯಾಮಾ
೯ ಅಕ್ಟೋಬರ್ ೧೯೯೫

ತೊಯೊಮಿ,

ಯಾರು ಈ ‘ನೀವು’? ನಿನ್ನ ತಲೆಯ ಹೇನು ನನ್ನ ತಲೆಗೆ ಬಂದು, ನನ್ನಮ್ಮ ಸೀಮೆಎಣ್ಣೆ ಹಚ್ಚಿ ಮೂರು ದಿನ ಶಾಲೆಗೆ ಕಳಿಸಲಿಲ್ಲ. ಅಂಥವಳಿಂದ ಬಹುವಚನ ಬೇಡ.

ಕಲಿಸುತ್ತೇನೆ. ಒಂದೇ ಮಾತು: ಹಳೆಯದನ್ನು ಬರೆಯಬೇಡ. ವ್ಯಾಕರಣ ಮಾತ್ರ.

ಮೊದಲನೆಯದು ನಿನಗೆ ಬರುತ್ತದೆ. ‘ಯಾತ್ರಿಕರು ಬಂದರೆ ಚಹಾ ಕೊಡುತ್ತೇನೆ.’ ಬರಬಹುದು, ಬಾರದಿರಬಹುದು, ಬಂದರೆ ಕೊಡುವುದು ಖಂಡಿತ. ಇದಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದ ತನ್ನ ಜಾಗದಲ್ಲೇ ನಿಲ್ಲುತ್ತದೆ.

ಎರಡನೆಯದು ಹಕ್ಕಿ. ಈಗ, ಈ ಗಳಿಗೆಯಲ್ಲಿ ಇಲ್ಲದ್ದು. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಬಾಲ ಹಚ್ಚಿ ಮುಗಿಸುತ್ತೇವೆ, ಕೇಳುವವನು ಮುಖ ನೋಡಿ ತಿಳಿದುಕೊಳ್ಳಬೇಕು. ಇಂಗ್ಲಿಷಿನವರು ಹಾಗಲ್ಲ. ಈಗಿನ ಮಾತನ್ನೇ ಆಡುತ್ತಿದ್ದರೂ ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ, ಭೂತಕಾಲಕ್ಕೆ ಸರಿಸುತ್ತಾರೆ. ದೇವರ ಮುಂದಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತೀಯಲ್ಲ, ಹಾಗೆ. ‘ನಿಜದಿಂದ ಒಂದು ಹೆಜ್ಜೆ ದೂರ ನಿಂತು ಹೇಳುತ್ತಿದ್ದೇನೆ’ ಎಂದು ಆ ಪದವೇ ಸಾರುತ್ತದೆ. ಬಾಗಿಲಲ್ಲೇ ‘ನಾನು ವೇಷ’ ಎಂದು ಹೇಳಿ ಒಳಗೆ ಬರುವ ವೇಷಗಾರನನ್ನು ಯಾರಾದರೂ ಮೋಸಗಾರ ಎನ್ನುತ್ತಾರೆಯೇ? ಹಾಗಾದರೆ ಸುಳ್ಳೆಲ್ಲಿ ಬಂತು?

ಐದು ವಾಕ್ಯ ಬರೆದು ಕಳಿಸು. ಹಕ್ಕಿ ಬೇಡ. ಹಕ್ಕಿ ಬರೆದವರ ಹಾಳೆ ಇಪ್ಪತ್ತೆಂಟು ವರ್ಷದಿಂದ ನೋಡಿ ಸಾಕಾಗಿದೆ.

ಮಿಸಾವೊ

ಸಕ್ಕರೆಕಡ್ಡಿ ಮುಗಿಯಿತು.


ಹಿನೊಹಾಮಾ
೨ ನವೆಂಬರ್ ೧೯೯೫

ಮಿಸಾವೊ,

ಮೊದಲು ಬಹುವಚನ ತೆಗೆದಿದ್ದೇನೆ, ನೋಡು.

ನಿನ್ನ ಕಾಗದ ಹಿಡಿದುಕೊಂಡು ದೇವಸ್ಥಾನದ ಗುರುಗಳ ಹತ್ತಿರ ಹೋದೆ. “ನಾನು ಹಕ್ಕಿಯಾಗಿದ್ದರೆ ಅಂದ್ರೆ ವ್ರತ ಮುರಿದ ಹಾಗೆ ಆಗುತ್ತಾ?” ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಮ್ಮಾ, ‘ಎಲ್ಲ ಜೀವಿಗಳೂ ಸುಖವಾಗಿರಲಿ’ ಅಂತ ದಿನಾ ಹೇಳ್ತೀಯಲ್ಲ, ಅವೆಲ್ಲ ಈಗ ಸುಖವಾಗಿವೆಯಾ? ಇಲ್ಲದ್ದನ್ನ ಬಯಸೋದಕ್ಕೂ ಒಂದು ಬಾಯಿ ಬೇಕು. ಹೋಗು, ಬರಿ.”

ಹೋದೆ, ಬರೆದೆ. ಈಗ ದಿನಾ ಬೆಟ್ಟ ಸುತ್ತುವಾಗ ಬಾಯಲ್ಲಿ ಮಂತ್ರದ ಜೊತೆಗೆ ‘ಇಫ್, ವುಡ್’ ಸೇರಿಕೊಂಡಿದೆ. ಆ ಸುತ್ತು ನಿನಗೆ ನೆನಪಿರಬೇಕು. ಎಂಬತ್ತೆಂಟು ಕಲ್ಲಿನ ಮೂರ್ತಿ, ದ್ವೀಪದ ಎಂಬತ್ತೆಂಟು ಕ್ಷೇತ್ರಕ್ಕೆ ನಡೆಯಲಾಗದವರು ಇಲ್ಲೇ ಸುತ್ತಿ ಪುಣ್ಯ ಪಡೆಯಲಿ ಎಂದು ಹಿರಿಯರು ಇಟ್ಟದ್ದು. ಒಂದನೆಯ ಕಲ್ಲು ಇಂದಿಗೂ ನಮ್ಮ ಮನೆಯ ಎದುರಿಗೇ ಇದೆ. ಬೆಟ್ಟದ ಆಚೆ, ನಿಮ್ಮ ಹಳೆಯ ಮನೆಯ ಹತ್ತಿರದ ನಲವತ್ತನಾಲ್ಕನೆಯದಕ್ಕೆ ಮೂಗು ಹೋಗಿದೆ. ಬಸ್ಸು ನಿಲ್ಲುವ ಜಾಗವೂ ಅಲ್ಲೇ, ಬದಲಾಗಿಲ್ಲ. ದಾರಿ ಪೂರ್ತಿ ಕಮೀಲಿಯ ಪೊದೆ ಬೆಳೆದು ಹತ್ತು ಮಾರು ಮುಂದಿರುವವರೂ ಕಾಣುವುದಿಲ್ಲ. ಅದೂ ಬದಲಾಗಿಲ್ಲ.

ಬರುವ ವರ್ಷ ಫೆಬ್ರುವರಿಗೆ ಇಪ್ಪತ್ತೊಂಬತ್ತು ದಿನ. ಯಾತ್ರಿಕರೆಲ್ಲ ಎಡಸುತ್ತಿಗೆ ಹೊರಡುತ್ತಾರೆ. ಎಂಬತ್ತೆಂಟರಿಂದ ಒಂದಕ್ಕೆ. ಸಾವಿರ ವರ್ಷದ ಹಿಂದಿನ ದಾಯ್ಶಿ ಗುರುಗಳು ಇಂದಿಗೂ ಬಲಸುತ್ತಿನಲ್ಲೇ ನಡೆಯುತ್ತಿದ್ದಾರೆ, ಆ ವರ್ಷ ಎದುರಿನಿಂದ ಹೋದವರಿಗೆ ಮುಖಾಮುಖಿ ಸಿಗುತ್ತಾರೆ ಎಂದು ನಂಬಿಕೆ. ತಂಗುಮನೆಯಲ್ಲಿ ಹಾಸಿಗೆ ಸಾಲುವುದಿಲ್ಲ.

ಐದು ವಾಕ್ಯ ಬೇರೆ ಹಾಳೆಯಲ್ಲಿದೆ. ಅದರಲ್ಲಿ ಎರಡನೆಯದು: ‘ನಾನು ಬೋನಿಟೊ ಮೀನಾಗಿದ್ದರೆ ನಮ್ಮ ಮನೆಯವರು ನನ್ನನ್ನು ಇನ್ನಷ್ಟು ಆಸೆಯಿಂದ ನೋಡುತ್ತಿದ್ದರು.’ ಅವರು ಬಲೆ ಹೊಲಿಯುತ್ತ, “ಏನದು, ಓದು” ಎಂದರು. ಓದಿ ಅರ್ಥ ಹೇಳಿದೆ. ಸೂಜಿ ನಿಲ್ಲಿಸದೆ, “ಜೊತೆಗೆ ಬೆಳ್ಳುಳ್ಳಿ ಇದ್ದಿದ್ರೆ” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರೂ ಒಂದು ಷರತ್ತಿನ ವಾಕ್ಯ ಹೇಳಿದರು.

ತೊಯೊಮಿ


ಒಕಾಯಾಮಾ
೧೯ ನವೆಂಬರ್ ೧೯೯೫

ತೊಯೊಮಿ,

ಐದರಲ್ಲಿ ನಾಲ್ಕು ಸರಿ. ಬೋನಿಟೊ ವಾಕ್ಯವನ್ನು ಅಧ್ಯಾಪಕರ ಕೋಣೆಯಲ್ಲಿ ಓದಿದೆ. ಚಹಾ ಕುಡಿಯುತ್ತಿದ್ದ ಗಣಿತದ ಮೇಡಂ ಪಾಡು ಹೇಳಬಾರದು.

ಇನ್ನು ಮೂರನೆಯದು. ಅದೇ ನಿನ್ನ ಮೇಷ್ಟ್ರಿಗೆ ಬೇಕಾದದ್ದು. ಆಗಿಹೋದ ಕಾಲದಲ್ಲಿ ಆಗದೆ ಉಳಿದದ್ದು. ಅದಾಗಲೇ ಹಿಂದೆ ಇದೆ, ಆದ್ದರಿಂದ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಒಟ್ಟು ಎರಡು ಹೆಜ್ಜೆ. ‘ಹ್ಯಾಡ್’ ಎಂಬ ಪದ ಮೊದಲ ಭಾಗದಲ್ಲಿ ಬರುತ್ತದೆ, ‘ವುಡ್ ಹ್ಯಾವ್’ ಎರಡನೆಯದರಲ್ಲಿ. ಎರಡನ್ನೂ ಅದಲುಬದಲು ಮಾಡಬೇಡ, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿದಂತೆ ಆಗುತ್ತದೆ. ಉದಾಹರಣೆಗೆ, ‘ನಿನ್ನೆ ಕೊಡೆ ಒಯ್ದಿದ್ದರೆ ನೆನೆಯುತ್ತಿರಲಿಲ್ಲ.’ ಒಯ್ದಿಲ್ಲ, ನೆನೆದಾಗಿದೆ. ಇನ್ನು ಯಾರೂ ಏನೂ ಮಾಡುವಂತಿಲ್ಲ. ಹೇಳಬಹುದು, ಅಷ್ಟೇ.

ನನ್ನ ಹುಡುಗಿಯರಿಗೆ ಇದು ಬೇಗ ಬರುವುದಿಲ್ಲ. ಹದಿನಾರು ವರ್ಷಕ್ಕೆ ಹಿಂದೆ ತಿರುಗಿ ನೋಡಲು ಏನಿರುತ್ತದೆ? ವಯಸ್ಸಾದವರು ಬೇಗ ಕಲಿಯಬೇಕು.

ಮೂಗು ಹೋದದ್ದು ನಲವತ್ತನಾಲ್ಕಲ್ಲ, ನಲವತ್ತಮೂರು. ನಾನೇ ಕಲ್ಲು ಹೊಡೆದು ಮುರಿದದ್ದು. ನೀನು ಯಾರಿಗೂ ಹೇಳಲಿಲ್ಲ.

ಮಿಸಾವೊ


ಹಿನೊಹಾಮಾ
೧೨ ಡಿಸೆಂಬರ್ ೧೯೯೫

ಮಿಸಾವೊ,

ಹೋಗಿ ನೋಡಿ ಬಂದೆ. ನಲವತ್ತಮೂರೇ. ಕ್ಷಮಿಸು.

ಸುದ್ದಿ ಒಳ್ಳೆಯದಲ್ಲ. ಎರಡನೆಯ ಸಲವೂ ವಾಪಸು. ಹತ್ತರಲ್ಲಿ ಐದು ಮೂರನೆಯ ಬಗೆಯವು ಇರಬೇಕಿತ್ತು, ನಾನು ಕೊಡೆಯದೊಂದು ಬರೆದು ಮಿಕ್ಕದ್ದನ್ನು ಖಾಲಿ ಬಿಟ್ಟೆ. ಕುಸುನೋಸೆ ಮೇಷ್ಟ್ರು ಕೆಂಪು ಮಸಿಯಲ್ಲಿ, ‘ಕೊಡೆಯ ವಾಕ್ಯ ಬಹಳ ಚೆನ್ನಾಗಿದೆ. ನಿಮ್ಮದೇ?’ ಎಂದು ಬರೆದಿದ್ದಾರೆ. ನನ್ನದಲ್ಲ ಎಂದು ಕೆಳಗೆ ಬರೆದು ಒಪ್ಪಿಕೊಳ್ಳಬೇಕಾಯಿತು. ನಾನು ಕೊಡೆ ಮರೆಯುವವಳಲ್ಲ.

ಕುಳಿತು ಯೋಚಿಸಿದೆ. ಬೇರೆಯವರು ಹೀಗಾಗಿದ್ದರೆ ಹಾಗಾಗಿದ್ದರೆ ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಅಪ್ಪ ದೋಣಿಯಿಂದ ಬಿದ್ದು ಕಾಲು ಮುರಿದುಕೊಳ್ಳದಿದ್ದರೆ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ ಎಂದು ಬರೆಯಬಹುದು, ವ್ಯಾಕರಣಕ್ಕೆ ಸರಿಹೋಗುತ್ತದೆ. ಆದರೆ ಹಾಗೆ ನಾನು ಯಾವತ್ತೂ ಅಂದುಕೊಂಡಿಲ್ಲ. ಕಾಲು ಮುರಿಯಿತು, ಮನೆ ನೋಡುವವರು ಬೇಕಿತ್ತು, ನೋಡಿದೆ. ದಾಯ್ಶಿ ಗುರುಗಳು ಕೊಟ್ಟ ಕೆಲಸ.

ಇಡೀ ಬದುಕಿನಲ್ಲಿ ಹಾಗಾಗಿದ್ದರೆ ಎಂದು ನಾನು ಅಂದುಕೊಂಡದ್ದು ಒಂದೇ ಒಂದನ್ನು. ಅದು ಹಳೆಯದು. ನೀನು ಹಳೆಯದನ್ನು ಬರೆಯಬೇಡ ಎಂದಿದ್ದೀಯ.

ಈಗ ನಾನೇನು ಮಾಡಲಿ?

ತೊಯೊಮಿ


(ಅಂಚೆ ಕಾರ್ಡು)

ಒಕಾಯಾಮಾ, ೨೦ ಡಿಸೆಂಬರ್

ಪರೀಕ್ಷೆಗಾಗಿ ಬರೆ. ನಾನು ವ್ಯಾಕರಣ ಮಾತ್ರ ನೋಡುತ್ತೇನೆ.

ಮಿಸಾವೊ


ಹಿನೊಹಾಮಾ
೫ ಜನವರಿ ೧೯೯೬

ಮಿಸಾವೊ,

ಹೊಸ ವರ್ಷ ನಿಮ್ಮ ಮನೆಗೆ ಒಳ್ಳೆಯದು ತರಲಿ. ನಮ್ಮಲ್ಲಿ ಅಕ್ಕಿಕಡುಬು ಕುಟ್ಟುವಾಗ ನಮ್ಮ ಮನೆಯವರ ಸೊಂಟ ಹಿಡಿದುಕೊಂಡಿತು. “ಕುಟ್ಟದೇ ಇದ್ದಿದ್ರೆ...” ಎಂದು ಶುರುಮಾಡಿದರು. “ಸರಿಯಾಗಿ ಮುಗಿಸಿ, ಇದು ಮೂರನೆಯ ಬಗೆ” ಎಂದೆ. ಬೈದರು.

ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಪ್ರತಿಯೊಂದಕ್ಕೂ ಅರ್ಥ ಕೊಡಬೇಕೆಂದು ನಿಯಮ, ಅದನ್ನು ಇಲ್ಲೇ ಕೊಡುತ್ತೇನೆ. ನೀನು ವ್ಯಾಕರಣ ಮಾತ್ರ ನೋಡುವುದೆಂದು ಮಾತಾಗಿದೆ.

ಊರು ಬಿಡುವ ಹಿಂದಿನ ದಿನ ಗೆಳತಿ “ನೀನು ಬರದಿದ್ರೆ ಏನಂತೆ, ನಿನ್ನ ಪಾಲಿಂದೂ ನಾನೇ ಓದ್ತೀನಿ ಬಿಡು” ಎಂದಾಗ ನಾನು ಕೋಪ ನುಂಗಿದ್ದರೆ, “ಹೋಗು, ಇನ್ನು ನನ್ನ ಮುಖ ನೋಡಬೇಡ” ಎಂದು ಹೇಳುತ್ತಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಅವಳ ಮನೆಯ ಬಾಗಿಲನ್ನೇ ತಟ್ಟಿದ್ದರೆ ಅವಳು ಸಿಗುತ್ತಿದ್ದಳು. ನಾಚಿಕೆಯಾಯಿತು, ತಟ್ಟಲಿಲ್ಲ. ಊರು ಬಿಡುವ ದಿನ ಅವಳು ಕಲ್ಲುಗಳಿಗೆ ಒಂದು ಸುತ್ತು ಬಂದೇ ಬರುತ್ತಾಳೆ, ದಾರಿಯಲ್ಲಿ ಹಿಡಿಯೋಣ ಎಂದುಕೊಂಡೆ.

ಅದು ಇಪ್ಪತ್ತೊಂಬತ್ತರ ಫೆಬ್ರುವರಿಯ ವರ್ಷವಾಗಿರದಿದ್ದರೆ ನಾನು ಎಂದಿನಂತೆ ಬಲಸುತ್ತೇ ಹೋಗಿರುತ್ತಿದ್ದೆ. ಆದರೆ ನಮ್ಮಜ್ಜಿ ಹೇಳುತ್ತಿದ್ದಳು: “ಈ ವರ್ಷ ಯಾರನ್ನಾದ್ರೂ ಹುಡುಕ್ಬೇಕಾ, ಎಡಸುತ್ತು ನಡಿ. ಎದುರಿಗೇ ಸಿಗ್ತಾರೆ.” ಗೆಳತಿಗಾಗಿ ಬಿದಿರುಮೊಳಕೆಯ ಸುಶಿ ಅನ್ನದ ಬುತ್ತಿ ಕಟ್ಟಿಕೊಂಡು ಎಂಬತ್ತೆಂಟನೆಯ ಕಲ್ಲಿನ ಕಡೆಯಿಂದ ಹೊರಟೆ. ಪೂರ್ತಿ ಒಂದು ಸುತ್ತು ಬಂದೆ. ಯಾರೂ ಎದುರಾಗಲಿಲ್ಲ.

ವಾಪಸು ಮನೆಯ ಹತ್ತಿರ ಬಂದಾಗ ಒಂದನೆಯ ಕಲ್ಲಿನ ಮೇಲೆ ಯಾರೋ ದಾಯ್ಶಿ ಗುರುಗಳಿಗಿಟ್ಟ ಕಿತ್ತಳೆ ಇತ್ತು. ಕೋಪಕ್ಕೆ ಅದನ್ನು ಸುಲಿದು ತಿಂದು ಸಿಪ್ಪೆ ಅಲ್ಲೇ ಬಿಸಾಕಿದೆ. ತಿನ್ನದೆ ಇದ್ದಿದ್ದರೆ ನನ್ನ ಲೆಕ್ಕದಲ್ಲಿ ಒಂದು ಪಾಪ ಕಡಿಮೆ ಇರುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ, ದೇವಸ್ಥಾನದ ಗುರುಗಳಿಗೂ ಸಹ. ಮೊದಲು ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೆ.

ಮತ್ತೆ ಎಡಸುತ್ತೇ ಹೋದೆ. ಹನ್ನೊಂದನೆಯ ಕಲ್ಲಿನ ಹತ್ತಿರ ಬಸ್ಸಿನ ಹಾರನ್ನು ಕೇಳಿಸಿತು. ಸುತ್ತು ಬಿಟ್ಟು ಬೆಟ್ಟದ ಬುಡದ ಗದ್ದೆ ಹಾಯ್ದು ನೆಟ್ಟಗೆ ಓಡಿದ್ದರೆ ಕಿಟಕಿಯಲ್ಲಿ ಅವಳ ಮುಖವಾದರೂ ಕಾಣುತ್ತಿತ್ತೋ ಏನೋ. ನಿಂತುಬಿಟ್ಟೆ. ಅವಳು ಸುತ್ತಿಗೇ ಬರಲಿಲ್ಲ, ನನ್ನ ಮಾತನ್ನು ನಿಜವೆಂದೇ ತೆಗೆದುಕೊಂಡಳು ಎಂದುಕೊಂಡೆ. ಸುಶಿಯನ್ನು ಯಾತ್ರಿಕರಿಗೆ ಕೊಟ್ಟೆ.

ಮೂರನೆಯ ಬಗೆ ಐದು ಆಯಿತು. ‘ಹ್ಯಾಡ್’ ಎಲ್ಲೆಲ್ಲಿ ತಪ್ಪಿದೆ, ಹೇಳು.

ತೊಯೊಮಿ


(ತ್ವರಿತ ಅಂಚೆ)

ಒಕಾಯಾಮಾ
೯ ಜನವರಿ ೧೯೯೬

ತೊಯೊಮಿ!

ನೀನು ಎಡಸುತ್ತು ಹೋದೆಯಾ?

ಎಲೆ ಮಂಗ, ನಾನೂ ಎಡಸುತ್ತೇ ಹೋದೆ!

ನಿನ್ನಜ್ಜಿ ಅದನ್ನು ನಿನಗೊಬ್ಬಳಿಗೇ ಹೇಳಿದ್ದಳೆಂದುಕೊಂಡೆಯಾ? ಒಲೆಯ ಮುಂದೆ ಕೂರಿಸಿಕೊಂಡು ನನಗೂ ಹೇಳಿದ್ದಳು. ತೊಯೊಮಿ ಏನೇ ಆದರೂ ಬೆಳಗಿನ ಸುತ್ತು ತಪ್ಪಿಸುವವಳಲ್ಲ, ಬಲಸುತ್ತಿನಲ್ಲಿ ಒಂದರಿಂದ ಬರುತ್ತಾಳೆ, ನಾನು ನಲವತ್ತನಾಲ್ಕರಿಂದ ಎಡಕ್ಕೆ ಹೊರಟರೆ ನಡುವೆ ಎಲ್ಲೋ ಮುಖಕ್ಕೆ ಮುಖ ಸಿಗುತ್ತೇವೆ ಎಂದು ಹೊರಟೆ. ನೀನು ನಮ್ಮ ಮನೆ ದಾಟುವಾಗ ನಾನು ನಿಮ್ಮ ಮನೆ ದಾಟುತ್ತಿದ್ದೆ. ಇಬ್ಬರೂ ಒಂದೇ ಕಡೆಗೆ, ಬೆಟ್ಟದ ಆಚೆ ಒಬ್ಬಳು, ಈಚೆ ಒಬ್ಬಳು. ಗಾಣದ ಎತ್ತುಗಳ ಹಾಗೆ! ಒಬ್ಬಳಾದರೂ ಅಜ್ಜಿಯ ಮಾತು ಮೀರಿದ್ದರೆ ಸಿಕ್ಕಿರುತ್ತಿದ್ದೆವು. ಇದೂ ಮೂರನೆಯ ಬಗೆ, ಬೇಕಾದರೆ ಬರೆದುಕೋ.

ಇನ್ನು ಆ ಕಿತ್ತಳೆ. ಅದು ಗುರುಗಳಿಗಿಟ್ಟದ್ದಲ್ಲ, ನಿನಗಿಟ್ಟದ್ದು. ಒಂದನೆಯ ಕಲ್ಲು ಬಂದರೂ ನೀನು ಸಿಗಲಿಲ್ಲ, ನಿಮ್ಮ ಬಾಗಿಲು ತಟ್ಟಲು ನನಗೂ ನಾಚಿಕೆ. ಕಿತ್ತಳೆ ಇಟ್ಟರೆ ನೋಡಿ ಹೊರಗೆ ಬರುತ್ತಾಳೆ, ಬಂದರೆ ಅಲ್ಲೇ ಕಾಯುತ್ತಾಳೆ ಎಂದುಕೊಂಡೆ. ಇನ್ನೊಂದು ಸುತ್ತು ಬಂದು ನೋಡಿದರೆ ಕಲ್ಲಿನ ಮೇಲೆ ಬರೀ ಸಿಪ್ಪೆ! ಹೊರಗೆ ಬಂದಿದ್ದಾಳೆ, ನಾನು ಕೊಟ್ಟದ್ದನ್ನು ತಿಂದಿದ್ದಾಳೆ, ಸಿಪ್ಪೆಯನ್ನು ನನಗೆ ಬಿಟ್ಟು ಒಳಗೆ ಹೋಗಿ ಮಲಗಿದ್ದಾಳೆ ಎಂದುಕೊಂಡೆ. ಗದ್ದೆ ಹಾಯ್ದು ಓಡಿ ಬಸ್ಸು ಹತ್ತಿದೆ. ಊರಿಗೆ ಬಂದ ಮೂರು ಸಲವೂ ನಿಮ್ಮ ಮನೆ ಬಂದಾಗ ಬಸ್ಸಿನ ಇನ್ನೊಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಮೂವತ್ತಾರು ವರ್ಷ ಒಂದು ಕಿತ್ತಳೆ ಸಿಪ್ಪೆಯ ಮೇಲೆ ಕೋಪ ಇಟ್ಟುಕೊಂಡ ಇಂಗ್ಲಿಷ್ ಮೇಡಂ ನಾನು.

ಬೆಳಗ್ಗೆ ಕಾಗದ ಓದಿ ನಕ್ಕೆ. ಪಾಠಕ್ಕೆ ಹೋದರೆ ಹುಡುಗಿಯೊಬ್ಬಳು, “ಮೇಡಂ, ನಿಮ್ಮ ಕಣ್ಣು ಯಾಕೆ ಹಾಗಿದೆ?” ಎಂದಳು. ಈರುಳ್ಳಿ ಎಂದೆ. ಬೆಳಗ್ಗೆ ಎಂಟೂವರೆಗೆ, ತರಗತಿಯಲ್ಲಿ, ಈರುಳ್ಳಿ.

ನೀನು ನನಗೆ ಹೇಳಿದ ಮಾತಿಗೆ ಮೊದಲು ನಾನು ನಿನಗೆ ಹೇಳಿದ ಮಾತಿದೆಯಲ್ಲ, ನಿನ್ನ ಪಾಲಿಂದೂ ಓದ್ತೀನಿ ಎಂದದ್ದು. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹದಿನೈದು ವರ್ಷದವಳ ಬುದ್ಧಿ. ತಪ್ಪು ನನ್ನದೇ.

ವ್ಯಾಕರಣ: ಎರಡನೆಯದರಲ್ಲಿ ‘ಹ್ಯಾಡ್’ ಬಿಟ್ಟಿದ್ದೀಯ, ಐದನೆಯದರಲ್ಲಿ ಎರಡು ಸಲ ಹಾಕಿದ್ದೀಯ. ಅದನ್ನು ತೆಗೆದು ಇದಕ್ಕೆ ಹಾಕು. ಕೂಡಲೇ ಕಳಿಸು, ಇಪ್ಪತ್ತನೆಯ ತಾರೀಕು ಹತ್ತಿರ ಬಂತು.

ನಿನ್ನ ಮಿಸಾವೊ


ಹಿನೊಹಾಮಾ
೧೩ ಜನವರಿ ೧೯೯೬

ಮಿಸಾವೊ,

ಇವತ್ತೇ ಕಳಿಸಿದೆ. ಅಂಚೆಯವರ ಕೈಗೇ ಕೊಟ್ಟು, ಚೀಲಕ್ಕೆ ಹಾಕುವುದನ್ನು ನಿಂತು ನೋಡಿ ಬಂದೆ.

ನಿನ್ನ ಕಾಗದ ಬಂದಾಗ ಅಂಗಳದಲ್ಲಿ ಮೂಲಂಗಿ ಒಣಗಿಸುತ್ತಿದ್ದೆ. ಓದಿ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ನಮ್ಮ ಮನೆಯವರು ಸೊಂಟ ಹಿಡಿದುಕೊಂಡು ಬಂದು, “ಯಾರು ಹೋದ್ರು?” ಎಂದರು. “ಯಾರೂ ಹೋಗಿಲ್ಲ, ಬಂದ್ರು” ಎಂದೆ. ಕಥೆ ಹೇಳಿದೆ. ಅವರು ಬೆರಳಿನಿಂದ ಬೆಟ್ಟದ ಸುತ್ತ ಗೆರೆ ಎಳೆದು, “ಇಬ್ರೂ ಒಂದೇ ಕಡೆ ಸುತ್ತಿದ್ರೆ ಹೇಗೆ ಸಿಗ್ತೀರಿ? ಮೀನು ಹಿಡಿಯೋರಿಗೆ ಗೊತ್ತಿರೋದು ಓದಿದೋರಿಗೆ ಗೊತ್ತಿಲ್ವಲ್ಲ” ಎಂದರು.

ಆಮೇಲೆ ಅಜ್ಜಿಯ ಪಟದ ಮುಂದೆ ಕೂತು ಜಗಳವಾಡಿದೆ. “ಅಜ್ಜಿ, ಒಬ್ಬಳಿಗೆ ಹೇಳಿದ್ರೆ ಸಾಕಿತ್ತು. ಇಬ್ರಿಗೂ ಯಾಕೆ ಹೇಳ್ದೆ?” ಅವಳು ಪಟದಲ್ಲಿ ಎಂದಿನಂತೆ ಬಾಯಿ ಬಿಗಿದುಕೊಂಡು ಕೂತಿದ್ದಾಳೆ. ನನಗೆ ಮಾತ್ರ, ನಗು ತಡೆದುಕೊಂಡ ಹಾಗೆ ಕಂಡಿತು.

ಪಾಪವೆಂದು ಮೂವತ್ತಾರು ವರ್ಷ ಹೊತ್ತದ್ದು ನನ್ನದೇ ಕಿತ್ತಳೆಯನ್ನು. ಸಿಹಿಯಿತ್ತೋ ಹುಳಿಯಿತ್ತೋ, ನೆನಪೇ ಇಲ್ಲ. ಅದೇ ಈಗ ಹೊಟ್ಟೆ ಉರಿಸುತ್ತಿದೆ.

ಫೆಬ್ರುವರಿ ಹನ್ನೊಂದಕ್ಕೆ ಪರೀಕ್ಷೆ. ಪ್ರಾರ್ಥಿಸು.

ನಿನ್ನ ತೊಯೊಮಿ


ಹಿನೊಹಾಮಾ
೪ ಮಾರ್ಚ್ ೧೯೯೬

ಮಿಸಾವೊ,

ಪಾಸು!

ನಿನ್ನೆ ಕೋಚಿಯಲ್ಲಿ ಸಮಾರಂಭ. ಕಪ್ಪು ಕಿಮೊನೊ ಉಟ್ಟು ಹೋದೆ. ನನ್ನ ಪಕ್ಕದಲ್ಲಿ ಹಸಿರು ಕೂದಲಿನ ಹುಡುಗ, ಆಚೆ ಪಕ್ಕದಲ್ಲಿ ಎಪ್ಪತ್ತರ ಬಡಗಿ. ಹೆಸರು ಕೂಗಿದಾಗ ಬಡಗಿ ಎಷ್ಟು ಜೋರಾಗಿ “ಹಾಜರ್!” ಎಂದರೆಂದರೆ ಪಾರಿವಾಳ ಹಾರಿದವು. ನಾನು ಅಷ್ಟು ಜೋರಾಗಿ ಹೇಳಲಿಲ್ಲ.

ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ದಾಟಿದೆ. ವಾಕ್ಯದ ಹಾಳೆಗೆ ಹತ್ತಕ್ಕೆ ಎಂಟು. ಕೊನೆಗೆ ಕುಸುನೋಸೆ ಮೇಷ್ಟ್ರು ಕೆಂಪು ಮಸಿಯಲ್ಲಿ, ‘ಈ ಸಲ “ನಿಮ್ಮದೇ?” ಎಂದು ಕೇಳುವ ಅಗತ್ಯ ಬೀಳಲಿಲ್ಲ’ ಎಂದು ಬರೆದಿದ್ದರು. ಸಮಾರಂಭ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವ ಜಾಗಕ್ಕೆ ಓಡಿ ಬಂದರು.

“ಹಮಾಗುಚಿ ಅವರೇ, ಒಂದು ಮಾತು. ಆ ಹುಡುಗಿ ಸಿಕ್ಕಳಾ?”

“ಸಿಕ್ಕಳು ಮೇಷ್ಟ್ರೇ. ಅವಳೇ ‘ಹ್ಯಾಡ್’ ತಿದ್ದಿದ್ದು.”

ಅವರು ಅತ್ತ ಇತ್ತ ನೋಡಿದರು. ಬೇರೆಯವರು ತಿದ್ದುವುದು ನಿಯಮಕ್ಕೆ ವಿರುದ್ಧವಿರಬಹುದು ಎಂದು ನನಗೆ ಆಗ ಹೊಳೆಯಿತು. ಸುಳ್ಳಾಡೆನು ಎಂಬ ವ್ರತ ಒಮ್ಮೊಮ್ಮೆ ಹೀಗೆ ಕೈಕೊಡುತ್ತದೆ. ಅವರು ಕೊನೆಗೆ, “ನನಗೆ ಕೇಳಿಸಲಿಲ್ಲ” ಎಂದು ಬಗ್ಗಿ ನಮಸ್ಕಾರ ಮಾಡಿ ಹೋದರು.

ಪಾಸಾದ ಕಾಗದ ಅಜ್ಜಿಯ ಪಟದ ಮುಂದಿದೆ. ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟಿದ್ದೇನೆ. ಕಿತ್ತಳೆ ನೀನೇ ತರಬೇಕು.

ತೊಯೊಮಿ


ಒಕಾಯಾಮಾ
೧೯ ಮಾರ್ಚ್ ೧೯೯೬

ತೊಯೊಮಿ,

ನಿನ್ನ ‘ಪಾಸು’ ಎಂಬ ಪದವನ್ನು ಎದ್ದು ನಿಂತು ಓದಿದೆ.

ಶಾಲೆಗೆ ರಜೆ ಶುರುವಾಗುತ್ತದೆ. ಇಪ್ಪತ್ತೇಳನೆಯ ತಾರೀಕು ಬೆಳಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ. ನಲವತ್ತನಾಲ್ಕನೆಯ ಕಲ್ಲಿನ ಹತ್ತಿರ ಇಳಿಯುತ್ತೇನೆ.

ಈಗ ಸರಿಯಾಗಿ ಓದಿಕೋ. ನೀನು ಮನೆಯಲ್ಲೇ ಇರು. ಬಲಕ್ಕೂ ಬರಬೇಡ, ಎಡಕ್ಕೂ ಬರಬೇಡ. ಇದು ಮತ್ತೆ ಇಪ್ಪತ್ತೊಂಬತ್ತರ ವರ್ಷ, ನಿನ್ನ ಕಾಲನ್ನು ನಾನು ನಂಬುವುದಿಲ್ಲ. ನಾನು ಯಾವ ಸುತ್ತೂ ಸುತ್ತದೆ ನೆಟ್ಟಗೆ ಗದ್ದೆ ಹಾಯ್ದು ಬರುತ್ತೇನೆ. ನಾನು ಬಂದರೆ ನೀನು ಒಂದನೆಯ ಕಲ್ಲಿನ ಹತ್ತಿರ ಇರಬೇಕು. ಇದು ಮೊದಲನೆಯ ಬಗೆಯ ವಾಕ್ಯ, ಯಾವ ಪದವೂ ಹಿಂದೆ ಸರಿಯುವಂತಿಲ್ಲ.

ಮಿಸಾವೊ


ಹಿನೊಹಾಮಾ
೧ ಏಪ್ರಿಲ್ ೧೯೯೬

ಮಿಸಾವೊ,

ನೀನು ಕ್ಷೇಮವಾಗಿ ಮನೆ ಸೇರಿದ ಸುದ್ದಿ ಫೋನಿನಲ್ಲೇ ಬಂತು. ಆದರೂ ಬರೆಯುತ್ತೇನೆ, ಅಭ್ಯಾಸವಾಗಿಬಿಟ್ಟಿದೆ.

ನಾಲ್ಕು ದಿನ ಏನೇನು ಮಾತಾಡಿದೆವು ಎಂದು ನಮ್ಮ ಮನೆಯವರು ಕೇಳಿದರು. ನೆನಪು ಮಾಡಿಕೊಂಡರೆ ಹೇನಿನ ಕಥೆ ಬಿಟ್ಟು ಒಂದೂ ನೆನಪಾಗುವುದಿಲ್ಲ. ನೀನು ಗದ್ದೆಯ ಬದುವಿನ ಮೇಲೆ ಕೈ ಅಗಲಿಸಿಕೊಂಡು ತೂಕ ತಪ್ಪುತ್ತ ಬರುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಪೇಟೆಯ ಕಾಲು! ಬಿದ್ದೇ ಬೀಳುತ್ತಾಳೆ ಎಂದುಕೊಂಡೆ. ಆದರೂ ಕಲ್ಲು ಬಿಟ್ಟು ಒಂದು ಹೆಜ್ಜೆ ಅಲುಗಾಡಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಇಂದು ಅತ್ತೆಯವರು ಬಂದರು. ಕಿಟಕಿಯ ಹತ್ತಿರ ಹಾಸಿಗೆ ಹಾಸಿದೆ, ಅಲ್ಲಿಂದ ಬೆಟ್ಟ ಕಾಣುತ್ತದೆ. “ಓದು ಮುಗೀತೇನೇ?” ಎಂದರು. “ಮುಗೀತು ಅತ್ತೆ” ಎಂದೆ. “ಹಾಗಾದ್ರೆ ಇನ್ನು ನನಗೆ ಓದಿ ಹೇಳು” ಎಂದರು.

ಬೆಳಗ್ಗೆ ಅವರು ಬರುವ ಮುಂಚೆ ಸುತ್ತಿಗೆ ಹೊರಟೆ. ಬಾಗಿಲು ತೆಗೆದರೆ ಒಂದನೆಯ ಕಲ್ಲಿನ ಮೇಲೆ ಕಿತ್ತಳೆ. ನಿನ್ನೆ ನೀನು “ಚಪ್ಪಲಿ ಮರೆತೆ” ಎಂದು ಗೇಟಿನಿಂದ ವಾಪಸು ಬಂದದ್ದು ಯಾವುದಕ್ಕೆಂದು ಆಗ ತಿಳಿಯಿತು. ಚಪ್ಪಲಿ ನಿನ್ನ ಕಾಲಲ್ಲೇ ಇತ್ತು. ಇಂಗ್ಲಿಷ್ ಮೇಡಂ, ಅದು ಯಾವ ಬಗೆಯ ವಾಕ್ಯ?

ಅಲ್ಲೇ ಮೆಟ್ಟಿಲ ಮೇಲೆ ಕೂತು ಸುಲಿದೆ. ಅರ್ಧ ಅಜ್ಜಿಯ ತಟ್ಟೆಗಿಟ್ಟೆ. ಉಳಿದರ್ಧವನ್ನು ಒಂದೊಂದೇ ತೊಳೆಯಾಗಿ, ಅವಸರವಿಲ್ಲದೆ ತಿಂದೆ.

ಸ್ವಲ್ಪ ಹುಳಿ, ಕೊನೆಯಲ್ಲಿ ಸಿಹಿ.

ಸಿಪ್ಪೆಯನ್ನು ಕಲ್ಲಿನ ಮೇಲೆ ಬಿಟ್ಟಿಲ್ಲ.

ನಿನ್ನ
ತೊಯೊಮಿ